ಕಾಂಪೋಸ್ಟಬಲ್ ಕವರ್ ಎರಡೇ ದಿನಕ್ಕೆ ಹರಿಯುತ್ತದೆ, ಐದು ತಿಂಗಳಾದರೂ ಕೊಳೆಯುವುದಿಲ್ಲ. ಏನಿದು?

ಪ್ರಶ್ನೆ: ಮೇಡಂ, ನಮ್ಮದು ನಾಲ್ಕು ಜನರ ಮನೆ. ಒಂದು ವರ್ಷದಿಂದ ಅಡುಗೆಮನೆಯ ಹಸಿ ಕಸಕ್ಕೆ ಕಾಂಪೋಸ್ಟಬಲ್ ಕವರ್ ಬಳಸುತ್ತಿದ್ದೇವೆ. ಎರಡು ತಾಪತ್ರಯ. ಒಂದು, ಎರಡನೇ ದಿನಕ್ಕೇ ತಳ ಮೆತ್ತಗಾಗಿ, ಎತ್ತುವಾಗ ಹರಿದು ನೆಲವೆಲ್ಲ ರಾಡಿಯಾಗುತ್ತದೆ. ಇನ್ನೊಂದು, ಕೆಲವು ಕವರ್‌ಗಳನ್ನು ಕಸದ ಸಮೇತ ಗಂಟು ಹಾಕಿ ಹಿತ್ತಲಿನ ಕಾಂಪೋಸ್ಟ್ ಡಬ್ಬಿಗೇ ಹಾಕಿದ್ದೆ. ಐದು ತಿಂಗಳ ಮೇಲೆ ಕೆದಕಿ ನೋಡಿದರೆ ಕವರ್ ಹಾಗೇ ಇದೆ. ಪ್ಯಾಕೆಟ್ ಮೇಲೆ 180 ದಿನದಲ್ಲಿ ಮಣ್ಣಾಗುತ್ತದೆ ಅಂತ ಬರೆದಿತ್ತು. 'ಹೆಸರು ಮಾತ್ರ ಬೇರೆ, ಇದೂ ಪ್ಲಾಸ್ಟಿಕ್ಕೇ' ಅನ್ನುತ್ತಾಳೆ ನನ್ನ ತಂಗಿ. ಹಳೇ ಕವರ್‌ಗೇ ವಾಪಸ್ ಹೋಗಲಾ?

ಉತ್ತರ: ನಿಮ್ಮ ಎರಡೂ ತಾಪತ್ರಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಲ್ಪ ನಗು ಬರುತ್ತದೆ. ಡಬ್ಬಿಯಲ್ಲಿ ಎರಡು ದಿನ ತಡೆಯದ ಕವರ್ ಗೊಬ್ಬರದೊಳಗೆ ಐದು ತಿಂಗಳು ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿದೆ! ಬೇಡದ ಕಡೆ ಹರಿಯುತ್ತದೆ, ಬೇಕಾದ ಕಡೆ ಹೋಗುವುದಿಲ್ಲ. ಮೋಸ ಹೋದೆ ಅಂತ ನಿಮಗೆ ಅನ್ನಿಸಿದ್ದು ಸಹಜ. ಆದರೆ ನೀವು ಬರೆದಿರುವುದನ್ನು ನೋಡಿದರೆ ಕವರ್ ಅಸಲಿ ಇರುವ ಸಾಧ್ಯತೆಯೇ ಜಾಸ್ತಿ ಅನ್ನಿಸುತ್ತಿದೆ ನನಗೆ. ಹರಿಯುವುದು ಬೇರೆ, ಕೊಳೆಯುವುದು ಬೇರೆ. ಈ ಎರಡಕ್ಕೂ ಬೇಕಾದ ಪರಿಸ್ಥಿತಿಯೂ ಬೇರೆ.

ಕವರ್ ಯಾವುದರಿಂದ ಆಗಿದೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಅಡುಗೆಮನೆಗೆ ಸಿಗುವ ಕಾಂಪೋಸ್ಟಬಲ್ ಕವರ್‌ಗಳಲ್ಲಿ ಹೆಚ್ಚಿನವು ಎರಡು ಮೂರು ವಸ್ತುಗಳ ಮಿಶ್ರಣ. ಒಂದು ಪಿಬಿಎಟಿ, ಅಂದರೆ ಕೊಳೆಯಬಲ್ಲ ಒಂದು ಬಗೆಯ ಪಾಲಿಯೆಸ್ಟರ್ ಪ್ಲಾಸ್ಟಿಕ್. ಮೆತ್ತಗೆ, ಎಳೆದರೆ ಹಿಗ್ಗುವ ಗುಣ ಬರುವುದು ಇದರಿಂದ. ಇನ್ನೊಂದು ಪಿಎಲ್ಎ, ಅಂದರೆ ಗಿಡಗಳಿಂದ ತೆಗೆದ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದನ್ನು ಸರಪಳಿ ಹಾಗೆ ಪೋಣಿಸಿ ಮಾಡಿದ್ದು. ಮೂರನೆಯದು ಪಿಷ್ಟ, ನಾವು ತಿನ್ನುವ ಸ್ಟಾರ್ಚೇ. ಪಿಷ್ಟಕ್ಕೆ ನೀರು ಕಂಡರೆ ಆಸೆ. ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ನಿಮ್ಮ ಕವರ್ ಎರಡನೇ ದಿನಕ್ಕೆ ಸೋಲುವುದು ಇಲ್ಲಿ. ಅದು ಕೊಳೆತಿಲ್ಲ, ಸುಮ್ನೆ ನೆನೆದಿದೆ. ನೆನೆದ ಕಾಗದ ಕೈಗೆ ಬಂದ ಹಾಗೆ, ಅಷ್ಟೇ.

ನಡುವೆ ಒಂದು ಮಾತು. ಈ ಪಿಬಿಎಟಿಯನ್ನು ಬಹುಪಾಲು ಮಾಡುವುದು ಪೆಟ್ರೋಲಿಯಂನಿಂದ. ಕೇಳಿದವರೆಲ್ಲ ಹೌಹಾರುತ್ತಾರೆ. ಆದರೆ ಎಲ್ಲಿಂದ ಬಂತು ಅನ್ನುವುದಕ್ಕೂ ಕೊಳೆಯುತ್ತದಾ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಕಬ್ಬಿನಿಂದ ಮಾಡಿದ ಪಾಲಿಥೀನ್ ಇದೆ. ಅದು ಗಿಡದಿಂದ ಬಂದಿದ್ದರೂ ಕೊಳೆಯುವ ವಿಷಯದಲ್ಲಿ ಸಾದಾ ಪಾಲಿಥೀನೇ. ಪಿಬಿಎಟಿ ಎಣ್ಣೆಬಾವಿಯಿಂದ ಬಂದಿದ್ದರೂ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಬಲ್ಲವು. ಹಾಗಾಗಿ ಪ್ಯಾಕೆಟ್ ಮೇಲೆ 'ಸಸ್ಯಮೂಲ' ಅಂತ ಹಸಿರು ಎಲೆಯ ಚಿತ್ರ ಹಾಕಿದ್ದರೆ ಅದರಿಂದ ನಿಮಗೆ ತಿಳಿಯುವುದು ಬಹಳ ಕಡಿಮೆ.

ಈಗ ಆ 180 ದಿನದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಇರುವುದೇ ಅಲ್ಲಿ.

ಆ ಅಂಕಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಯುರೋಪಿನ ಇಎನ್ 13432, ಅಮೆರಿಕದ ಎಎಸ್‌ಟಿಎಂ ಡಿ6400, ಅಂತರರಾಷ್ಟ್ರೀಯ ಐಎಸ್‌ಒ 17088 ಅಂತ ಮಾನದಂಡಗಳಿವೆ. ಮೂರೂ ಹೆಚ್ಚುಕಡಿಮೆ ಒಂದೇ ಥರದ ಪರೀಕ್ಷೆ ಕೇಳುತ್ತವೆ. ಇಎನ್ 13432 ತೆಗೆದುಕೊಳ್ಳಿ. ಮೊದಲನೇ ಪರೀಕ್ಷೆಯಲ್ಲಿ ಕವರನ್ನು ಚೂರು ಮಾಡಿ, ಹಣ್ಣಾದ ಗೊಬ್ಬರದಲ್ಲಿ ಬೆರೆಸಿ, ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ಗಾಳಿ, ತೇವ ಎಲ್ಲ ಹದವಾಗಿರುತ್ತದೆ. ಆರು ತಿಂಗಳೊಳಗೆ ಅದರ ಇಂಗಾಲದ ಶೇ. 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರಬೇಕು. ಎರಡನೇ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. 12 ವಾರ ಗೊಬ್ಬರ ಮಾಡಿ, 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿದಾಗ ಮೇಲೆ ಉಳಿಯುವುದು ಶೇ. 10ಕ್ಕಿಂತ ಜಾಸ್ತಿ ಇರಬಾರದು. ಇದಲ್ಲದೆ ಭಾರ ಲೋಹಗಳಿಗೆ ಮಿತಿ ಇದೆ, ಆ ಗೊಬ್ಬರದಲ್ಲಿ ಬೀಜ ಮೊಳೆತು ಗಿಡ ಸರಿಯಾಗಿ ಬೆಳೆಯುತ್ತದಾ ಅಂತಲೂ ನೋಡುತ್ತಾರೆ.

ನೋಡಿ, ಇಡೀ ಕಥೆ ಆ 58ರಲ್ಲಿದೆ. ಪಿಎಲ್ಎ, ಶಾಖ ಸುಮಾರು 55-60 ಡಿಗ್ರಿ ಮುಟ್ಟುವವರೆಗೆ ಗಾಜಿನಂತೆ ಬಿಗಿಯಾಗಿರುವ ವಸ್ತು. ಆ ಶಾಖ ದಾಟಿದರೆ ಅದರ ಬಿಗಿ ಸಡಿಲವಾಗುತ್ತದೆ, ನೀರು ಒಳಗೆ ನುಗ್ಗಿ ಉದ್ದ ಸರಪಳಿಗಳನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳು ಚಿಕ್ಕದಾದ ಮೇಲೆ ಸೂಕ್ಷ್ಮಜೀವಿಗಳು ಬಂದು ತಿನ್ನುತ್ತವೆ. ಶಾಖ ಕಡಿಮೆ ಇದ್ದರೆ ಮೊದಲನೇ ಹೆಜ್ಜೆಯೇ ನಡೆಯುವುದಿಲ್ಲ, ಅಥವಾ ಎಷ್ಟು ನಿಧಾನ ಅಂದರೆ ನಮ್ಮ ತಾಳ್ಮೆ ಮುಗಿದಿರುತ್ತದೆ. ಕೊಳೆಯುವ ರಾಶಿ ತನ್ನಷ್ಟಕ್ಕೆ 55-60ಕ್ಕೆ ಏರಿ ಅಲ್ಲೇ ದಿನಗಟ್ಟಲೆ ನಿಲ್ಲಬೇಕಾದರೆ ಸುಮಾರು ಒಂದು ಘನ ಮೀಟರ್ ಗಾತ್ರದ ರಾಶಿ ಬೇಕು. ಅಂದರೆ ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಮೀಟರ್. ಅದೂ ಒಂದೇ ಸಲ ತುಂಬಿದ್ದಾಗಿರಬೇಕು. ನಾವು ಮನೆಯಲ್ಲಿ ದಿನಾ ಒಂದೊಂದು ಬೊಗಸೆ ಹಾಕುತ್ತಾ ಹೋಗುತ್ತೇವೆ. ಚಿಕ್ಕ ಡಬ್ಬಿಯಲ್ಲಿ ಹುಟ್ಟಿದ ಬಿಸಿ ಬದಿಗಳಿಂದ ಹೊರಗೆ ಹೋಗಿಬಿಡುತ್ತದೆ. ನಿಮ್ಮ ಡಬ್ಬಿ ಕೈಗೆ ಬೆಚ್ಚಗೆ ಅನ್ನಿಸಬಹುದು, ಆ ಬೆಚ್ಚಗೆ ಸಾಲದು.

ಹಾಗಾದರೆ ಪ್ಯಾಕೆಟ್ ಮೇಲಿನ ಮಾತು ಸುಳ್ಳಾ? ಸುಳ್ಳಲ್ಲ, ಅರ್ಧ ನುಂಗಿಕೊಂಡ ಮಾತು. 'ದೊಡ್ಡ ಕಾಂಪೋಸ್ಟ್ ಘಟಕದಲ್ಲಿ, ಅಲ್ಲಿನ ಶಾಖದಲ್ಲಿ' ಅನ್ನುವ ಭಾಗವನ್ನು ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ, ಇಲ್ಲವೇ ಹಾಕಿರುವುದೇ ಇಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ. ಒಬ್ಬರು ಒಳ್ಳೇ ಮನಸ್ಸಿನಿಂದ ಕೊಂಡು, ಹೇಳಿದ ಹಾಗೇ ಮಾಡಿ, ಆಮೇಲೆ ತಂಗಿಯ ಹತ್ತಿರ ಮಾತು ಕೇಳಬೇಕಾಗುತ್ತದೆ.

ಮನೆ ಡಬ್ಬಿಗೇ ಅಂತ ಬೇರೆ ಮಾನದಂಡಗಳೂ ಇವೆ. ಆಸ್ಟ್ರೇಲಿಯಾದ ಎಎಸ್ 5810, ಫ್ರಾನ್ಸಿನ ಎನ್ಎಫ್ ಟಿ51-800, ಟಿಯುವಿ ಆಸ್ಟ್ರಿಯಾ ಕೊಡುವ 'ಓಕೆ ಕಾಂಪೋಸ್ಟ್ ಹೋಮ್' ಗುರುತು. ಇವುಗಳಲ್ಲಿ ಪರೀಕ್ಷೆ ನಡೆಯುವುದು 20ರಿಂದ 30 ಡಿಗ್ರಿಯಲ್ಲಿ. ಕೊಳೆಯಲು ಕೊಡುವ ಅವಧಿ ಒಂದು ವರ್ಷ. ಇಂಥ ಕವರ್‌ಗಳಲ್ಲಿ ಪಿಎಲ್ಎ ಕಡಿಮೆ ಇದ್ದು ಪಿಷ್ಟ ಮತ್ತು ಬೇಗ ಕೊಳೆಯುವ ಬೇರೆ ಪಾಲಿಯೆಸ್ಟರ್‌ಗಳು ಜಾಸ್ತಿ ಇರುತ್ತವೆ. ಆದರೆ ಇದನ್ನೂ ಪೂರ್ತಿ ನಂಬಿ ಕೂರಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ಸಾವಿರಾರು ಮನೆಯವರನ್ನು ಸೇರಿಸಿಕೊಂಡು 'ಬಿಗ್ ಕಾಂಪೋಸ್ಟ್ ಎಕ್ಸ್‌ಪೆರಿಮೆಂಟ್' ಅಂತ ಮಾಡಿದರು, ಫಲಿತಾಂಶ 2022ರಲ್ಲಿ ಬಂತು. ಮನೆ ಕಾಂಪೋಸ್ಟ್‌ಗೆ ಆಗುತ್ತದೆ ಅಂತ ಗುರುತು ಇದ್ದ ವಸ್ತುಗಳಲ್ಲೇ ಶೇ. 60 ಭಾಗ ಜನರ ಡಬ್ಬಿಗಳಲ್ಲಿ ಪೂರ್ತಿ ಪುಡಿಯಾಗಿರಲಿಲ್ಲ. ಪ್ರಯೋಗಾಲಯದ ಡಬ್ಬಿಯಲ್ಲಿ ತೇವ ಹದ ತಪ್ಪುವುದಿಲ್ಲ. ನಮ್ಮ ಡಬ್ಬಿ ಒಂದು ವಾರ ಒಣಗಿರುತ್ತದೆ, ಮುಂದಿನ ವಾರ ಕೆಸರಾಗಿರುತ್ತದೆ, ಮಧ್ಯೆ ಹತ್ತು ದಿನ ಯಾರೂ ಮುಚ್ಚಳ ತೆಗೆದಿರುವುದಿಲ್ಲ.

ನನ್ನ ಹಿತ್ತಲಲ್ಲೂ ಇದೇ ಆಯಿತು. ಒಂದು ಕವರ್‌ನ ಗಂಟು ಬಿಚ್ಚದೆ ರಾಶಿಯ ಮಧ್ಯೆ ಇಟ್ಟು, ಎಂಟು ತಿಂಗಳ ಮೇಲೆ ತೆಗೆದೆ. ಸುತ್ತಲಿನದೆಲ್ಲ ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ. ಕವರ್ ಬಿಚ್ಚಿದರೆ ಒಳಗೆ ಮೂಗು ಬಿಡಲಾಗದ ಹುಳಿ ಗಬ್ಬು. ಗಂಟು ಹಾಕಿದ ಕವರ್ ಒಳಗೆ ಗಾಳಿ ಆಡುವುದಿಲ್ಲ. ಅಲ್ಲಿ ಕಸ ಗೊಬ್ಬರವಾಗುವ ಬದಲು ಉಪ್ಪಿನಕಾಯಿ ಹಾಗೆ ಹುಳಿಯುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಬಹಳ ಜನ ಇದನ್ನು ತಲೆಕೆಳಗಾಗಿ ತಿಳಿದಿದ್ದಾರೆ. 'ಕವರ್ ಕೂಡ ಗೊಬ್ಬರ ಆಗುತ್ತದಲ್ಲ, ಹಾಕಿದರೆ ಲಾಭವೇ' ಅನ್ನುತ್ತಾರೆ. ಕವರ್ ಗೊಬ್ಬರ ಆಗುವುದಿಲ್ಲ! ಪರೀಕ್ಷೆ ಏನು ಕೇಳಿತು ನೆನಪಿಸಿಕೊಳ್ಳಿ. ಶೇ. 90 ಭಾಗ ಗಾಳಿಗೆ ಹೋಗಬೇಕು. ಪಿಬಿಎಟಿ, ಪಿಎಲ್ಎ, ಪಿಷ್ಟ ಈ ಮೂರರಲ್ಲೂ ಇರುವುದು ಇಂಗಾಲ, ಜಲಜನಕ, ಆಮ್ಲಜನಕ ಅಷ್ಟೇ. ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಶ್ ಯಾವುದೂ ಇಲ್ಲ. ಎಲ್ಲ ಸರಿಯಾಗಿ ನಡೆದರೆ ಕವರ್ ಗಾಳಿಯೂ ನೀರೂ ಆಗಿ ಮಾಯವಾಗುತ್ತದೆ. ಗೊಬ್ಬರಕ್ಕೆ ಅದರಿಂದ ಏನೂ ಬರುವುದಿಲ್ಲ. ಅಂದಮೇಲೆ ಕವರ್‌ಗೆ ಇರುವುದು ಒಂದೇ ಕೆಲಸ. ಹಸಿ ಕಸವನ್ನು ಗಲೀಜಿಲ್ಲದೆ ಅಡುಗೆಮನೆಯಿಂದ ಗೊಬ್ಬರ ಆಗುವ ಜಾಗದವರೆಗೆ ಹೊತ್ತು, ಅಲ್ಲಿ ಯಾರಿಗೂ ತೊಂದರೆ ಕೊಡದೆ ಇಲ್ಲವಾಗುವುದು.

ಹೀಗೆ ನೋಡಿದಾಗ ನಿಮ್ಮ ಪ್ರಶ್ನೆ ಬೇರೆಯೇ ಆಗುತ್ತದೆ. ನಿಮ್ಮ ಮನೆಯ ಹಸಿ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ? ಇದು ಗೊತ್ತಿಲ್ಲದೆ ಕವರ್ ಒಳ್ಳೇದಾ ಕೆಟ್ಟದ್ದಾ ಅಂತ ಯಾರೂ ಹೇಳಲಾಗದು, ನಾನೂ ಹೇಳಲಾರೆ.

ಹಿತ್ತಲ ಡಬ್ಬಿಗೇ ಹೋಗುತ್ತದೆ ಅಂದರೆ ನಿಮಗೆ ಕವರ್ ಬೇಡವೇ ಬೇಡ. ಅಡುಗೆಮನೆಯಿಂದ ಹಿತ್ತಲಿಗೆ ಎಷ್ಟು ಹೆಜ್ಜೆ? ಮುಚ್ಚಳ ಇರುವ ಒಂದು ಚಿಕ್ಕ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ ಇಡಿ, ತಳಕ್ಕೆ ಒಂದು ಮಡಿಸಿದ ನ್ಯೂಸ್‌ಪೇಪರ್ ಹಾಕಿ, ದಿನಾ ಸುರಿದು ತೊಳೆಯಿರಿ. ನ್ಯೂಸ್‌ಪೇಪರ್ ಸಮೇತ ಸುರಿದರೂ ಆಯಿತು. ಅದು ಒಣ ಇಂಗಾಲ, ಹಸಿ ಕಸದ ಜೊತೆ ಹೊಂದಿಕೊಳ್ಳುತ್ತದೆ. ತೊಳೆಯುವುದು ಬೇಜಾರು ಅನ್ನುವುದೊಂದೇ ಕವರ್ ಪರವಾಗಿ ಇರುವ ವಾದ, ಅದು ಸಣ್ಣ ವಾದ ಅಂತಲೂ ನಾನು ಹೇಳುವುದಿಲ್ಲ. ಅಷ್ಟು ಬೇಜಾರಾದರೆ ಕವರ್ ಹಾಕಿಕೊಳ್ಳಿ. ಆದರೆ ಗಂಟು ಹಾಕಿ ಎಸೆಯಬೇಡಿ. ಕಸ ಸುರಿದು, ಕವರ್ ಬೇರೆ ಇಡಿ.

ಕಸ ಒಯ್ಯುವವರು ಅದನ್ನು ದೊಡ್ಡ ಕಾಂಪೋಸ್ಟ್ ಘಟಕಕ್ಕೆ ಕೊಡುತ್ತಾರೆ ಅಂದರೆ ಈ ಕವರ್ ಹುಟ್ಟಿದ್ದೇ ಅದಕ್ಕೆ. ಅಲ್ಲಿ ರಾಶಿಗಳು ಆಳೆತ್ತರ, ಒಳಗೆ 55-60 ಡಿಗ್ರಿ ಸುಲಭವಾಗಿ ಬರುತ್ತದೆ. ಆದರೂ ಒಂದು ಫೋನ್ ಮಾಡಿ ಕೇಳಿ. ಯಾಕೆ ಅಂದರೆ ಎಷ್ಟೋ ಘಟಕಗಳಲ್ಲಿ ಕಸ ಬಂದ ತಕ್ಷಣ ಯಂತ್ರದಿಂದಲೋ ಕೈಯಿಂದಲೋ ಎಲ್ಲ ಕವರ್‌ಗಳನ್ನೂ ಹರಿದು ಬೇರೆ ತೆಗೆದುಬಿಡುತ್ತಾರೆ. ಓಡುವ ಬೆಲ್ಟ್ ಮೇಲೆ, ಮುಸುರೆ ಮೆತ್ತಿದ ಕವರ್‌ಗಳಲ್ಲಿ ಯಾವುದು ಪಾಲಿಥೀನ್ ಯಾವುದು ಕಾಂಪೋಸ್ಟಬಲ್ ಅಂತ ಅವರು ಹೇಗೆ ಕಂಡುಹಿಡಿಯುವುದು? ಅನುಮಾನ ಬಂದದ್ದೆಲ್ಲ ಹೊರಗೆ. ಇನ್ನು ಕೆಲವು ಘಟಕಗಳು ಎಂಟು ಹತ್ತು ವಾರಕ್ಕೇ ಗೊಬ್ಬರ ಮುಗಿಸಿ ಕಳಿಸುತ್ತವೆ. ಪರೀಕ್ಷೆಯ 12 ವಾರಕ್ಕೂ ಅವರ ಕೆಲಸದ ವೇಗಕ್ಕೂ ಹೊಂದುವುದಿಲ್ಲ. ಅವರು 'ಈ ಗುರುತು ಇರುವ ಕವರ್ ಆಗುತ್ತದೆ' ಅಂದರೆ ಅದನ್ನೇ ಕೊಳ್ಳಿ. 'ಬೇಡ, ಬಿಡಿಯಾಗಿ ಕೊಡಿ' ಅಂದರೆ ವಾದ ಮಾಡಬೇಡಿ, ಬಿಡಿಯಾಗಿ ಕೊಡಿ.

ಜೈವಿಕ ಅನಿಲ ಘಟಕಕ್ಕೆ ಹೋಗುತ್ತದೆ ಅಂದರೆ ಕವರ್ ಹಾಕದಿರುವುದೇ ವಾಸಿ. ಗೋಬರ್ ಗ್ಯಾಸ್ ಹಾಗೆ, ಗಾಳಿ ಇಲ್ಲದ ತೊಟ್ಟಿಯಲ್ಲಿ ಕಸವನ್ನು ನೀರಾಗಿ ಕಲಕಿ ಹುದುಗಿಸುವ ಜಾಗ ಅದು. ಕಸ ಅಲ್ಲಿ ಇರುವುದು ಕೆಲವೇ ವಾರ. ಅಷ್ಟರಲ್ಲಿ ಈ ಕವರ್ ಕರಗುವುದಿಲ್ಲ, ಕಲಕುವ ರೆಕ್ಕೆಗೂ ಪಂಪಿಗೂ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡದ್ದನ್ನು ಬಿಡಿಸಲು ಕೈ ಹಾಕುವವನ ಪಾಡು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಅಂಥ ಘಟಕಗಳಲ್ಲೂ ಕವರ್‌ಗಳನ್ನು ಶುರುವಿನಲ್ಲೇ ತೆಗೆದು ಪಕ್ಕಕ್ಕೆ ಹಾಕುವುದು ಸಾಮಾನ್ಯ.

ಉಳಿದದ್ದು ಎಲ್ಲ ಕಸವೂ ಒಟ್ಟಿಗೆ ಹೋಗಿ ಬೀಳುವ ಗುಂಡಿ. ನಿಮ್ಮ ಕಸ ಅಲ್ಲಿಗೆ ಹೋಗುವುದಾದರೆ ಕಾಂಪೋಸ್ಟಬಲ್ ಕವರ್‌ಗೆ ಜಾಸ್ತಿ ದುಡ್ಡು ಕೊಡಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಒತ್ತಿ ಮುಚ್ಚಿದ ಗುಂಡಿಯೊಳಗೆ ಗಾಳಿ ಇಲ್ಲ. ಕವರ್‌ನ ಪಿಷ್ಟದ ಭಾಗ ಕೊಳೆತರೂ ಅಲ್ಲಿ ಕೊಳೆಯುವುದೆಂದರೆ ಮೀಥೇನ್ ಹುಟ್ಟುವುದು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಇದರಲ್ಲಿ ಕವರ್‌ನ ಪಾಲು ಅತ್ಯಲ್ಪ, ಒಳಗಿರುವ ಕಸದ್ದೇ ದೊಡ್ಡ ಪಾಲು. ಆದ್ದರಿಂದ ತಲೆ ಕೆಡಿಸಿಕೊಳ್ಳಬೇಕಾದ್ದು ಹಸಿ ಕಸ ಗುಂಡಿಗೆ ಹೋಗುತ್ತಿದೆಯಲ್ಲ ಅಂತ. ನಿಮಗಂತೂ ಹಿತ್ತಲಿದೆ, ಡಬ್ಬಿ ಇದೆ. ಅದನ್ನು ಚೆನ್ನಾಗಿ ನಡೆಸಿದರೆ ಈ ತಲೆನೋವು ನಿಮ್ಮ ಪಾಲಿಗೆ ಬರುವುದೇ ಇಲ್ಲ.

ಅಂದ ಹಾಗೆ, ಈ ಕವರ್‌ಗಳನ್ನು ಪ್ಲಾಸ್ಟಿಕ್ ಮರುಬಳಕೆಯ ಒಣ ಕಸಕ್ಕೆ ಸೇರಿಸಬೇಡಿ. ಪಾಲಿಥೀನ್ ಜೊತೆ ಕರಗಿಸಿದರೆ ಬೆರೆಯುವುದಿಲ್ಲ, ಇಡೀ ಮಾಲು ಕೆಡುತ್ತದೆ.

ಇನ್ನು ನಿಮ್ಮ ತಂಗಿಯ ಅನುಮಾನ. ಅದು ಸುಮ್ನೆ ಹುಟ್ಟಿದ್ದಲ್ಲ, ಮಾರುಕಟ್ಟೆಯಲ್ಲಿ ಹೆಸರಿಗೆ ಮಾತ್ರ ಹಸಿರು ಇರುವ ಕವರ್‌ಗಳು ಬೇಕಾದಷ್ಟಿವೆ. 'ಬಯೋಡಿಗ್ರೇಡಬಲ್' ಅನ್ನುವ ಒಂಟಿ ಪದಕ್ಕೆ ನಾನು ಬೆಲೆ ಕೊಡುವುದಿಲ್ಲ. ಎಷ್ಟು ದಿನದಲ್ಲಿ, ಎಂಥ ಜಾಗದಲ್ಲಿ ಅಂತ ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ, ಸಾವಿರ ವರ್ಷದಲ್ಲಿ ಕಲ್ಲೂ ಸವೆಯುತ್ತದೆ. ಇನ್ನೂ ಕೆಟ್ಟದ್ದು 'ಆಕ್ಸೋ' ಅಂತ ಶುರುವಾಗುವ ಹೆಸರುಗಳು. ಅದು ಸಾದಾ ಪಾಲಿಥೀನ್‌ಗೇ ಒಂದು ಲೋಹದ ಲವಣ ಬೆರೆಸಿ, ಬಿಸಿಲಿಗೆ ಬೇಗ ಪುಡಿಪುಡಿಯಾಗುವ ಹಾಗೆ ಮಾಡಿದ್ದು. ಪುಡಿಯಾದರೂ ಅದು ಪ್ಲಾಸ್ಟಿಕ್ಕೇ, ಹೆಕ್ಕಲಾಗದ ಪ್ಲಾಸ್ಟಿಕ್. ಯುರೋಪಿಯನ್ ಒಕ್ಕೂಟ 2021ರಿಂದ ಅದನ್ನು ನಿಷೇಧಿಸಿದೆ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜೆನ್ ನ್ಯಾಪರ್ ಮತ್ತು ರಿಚರ್ಡ್ ಥಾಮ್ಸನ್ ಇಂಥ ಕವರ್‌ಗಳನ್ನೆಲ್ಲ ಮೂರು ವರ್ಷ ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ, ಗಾಳಿಗೆ ತೂಗುಹಾಕಿ ನೋಡಿದರು. 2019ರಲ್ಲಿ ಫಲಿತಾಂಶ ಬರೆದರು. ಮೂರು ವರ್ಷದ ಮೇಲೆ ಮಣ್ಣಿಂದಲೂ ಸಮುದ್ರದಿಂದಲೂ ತೆಗೆದ 'ಬಯೋಡಿಗ್ರೇಡಬಲ್' ಕವರ್‌ನಲ್ಲಿ ಸಾಮಾನು ತುಂಬಿ ಎತ್ತಿದರೂ ಅದು ಹರಿಯಲಿಲ್ಲ. ಕಾಂಪೋಸ್ಟಬಲ್ ಕವರ್ ಸಮುದ್ರದಲ್ಲಿ ಮೂರು ತಿಂಗಳೊಳಗೆ ಕಾಣೆಯಾಗಿತ್ತು. ಆದರೆ ಮಣ್ಣಲ್ಲಿ ಹೂತದ್ದು 27 ತಿಂಗಳಾದರೂ ಇತ್ತು, ಭಾರ ಹಾಕಿದರೆ ಮಾತ್ರ ಹರಿಯುತ್ತಿತ್ತು. ನಿಮ್ಮ ಐದು ತಿಂಗಳ ಕವರ್ ಬಗ್ಗೆ ಈಗ ಸ್ವಲ್ಪ ಕನಿಕರ ಬರಬಹುದು.

ಕೊಳ್ಳುವಾಗ ನೋಡಬೇಕಾದ್ದು ಎರಡು. ಮೇಲೆ ಹೇಳಿದ ಯಾವುದಾದರೂ ಮಾನದಂಡದ ಸಂಖ್ಯೆ, ಮತ್ತು ಪರೀಕ್ಷಿಸಿದ ಸಂಸ್ಥೆಯ ಗುರುತಿನ ಜೊತೆ ಒಂದು ಪ್ರಮಾಣಪತ್ರ ಸಂಖ್ಯೆ. ಆ ಸಂಖ್ಯೆಯನ್ನು ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿದರೆ ಸಿಗಬೇಕು. ಪ್ಯಾಕೆಟ್ ಮೇಲೆ ಮಾತ್ರ ಇದ್ದರೆ ಸಾಲದು, ಒಂದೊಂದು ಕವರ್ ಮೇಲೂ ಅಚ್ಚಾಗಿರಲಿ. ಪ್ಯಾಕೆಟ್ ಎಸೆದ ಮೇಲೆ ಕಸದವರಿಗೆ ಕಾಣುವುದು ಕವರ್ ಮಾತ್ರ ಅಲ್ವಾ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಇದು ನನಗೆ ಬಹಳ ಇಷ್ಟ. ಕವರ್‌ನ ಉಗುರಗಲದ ಚೂರು ಕತ್ತರಿಸಿ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಕಲಕಿ. ಚೂರನ್ನು ನೀರೊಳಗೇ ಬೆರಳಿಂದ ಉಜ್ಜಿ, ಅಂಟಿದ ಗಾಳಿಗುಳ್ಳೆಗಳನ್ನೆಲ್ಲ ಬಿಡಿಸಿ, ಕೈ ತೆಗೆಯಿರಿ. ಪಾಲಿಥೀನ್ ನೀರಿಗಿಂತ ಹಗುರ, ಮೇಲೆ ಬರುತ್ತದೆ. ಪಿಬಿಎಟಿ, ಪಿಎಲ್ಎ, ಪಿಷ್ಟ ಎಲ್ಲವೂ ನೀರಿಗಿಂತ ಭಾರ, ಮುಳುಗುತ್ತವೆ. ತೇಲಿದರೆ ನಿಮ್ಮ ತಂಗಿ ಗೆದ್ದಳು. ಮುಳುಗಿದರೆ ನೀವು ಪೂರ್ತಿ ಗೆದ್ದಿರಿ ಅಂತಲ್ಲ. ಪಾಲಿಥೀನ್‌ಗೆ ಸುಣ್ಣದಕಲ್ಲಿನ ಪುಡಿ ಜಾಸ್ತಿ ಬೆರೆಸಿದ್ದರೆ ಅದೂ ಮುಳುಗಬಹುದು. ಸುಟ್ಟು ವಾಸನೆ ನೋಡುವ ಪರೀಕ್ಷೆ ಅಂತ ಯಾರಾದರೂ ಹೇಳಿದರೆ ಮಾಡಲು ಹೋಗಬೇಡಿ. ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಹೊಗೆ ಕುಡಿಯುವುದು ಯಾವ ಕರ್ಮ!

ಈಗ ಸೋರುವ ವಿಷಯ. ಕಸ ಒಯ್ಯುವವರಿಗೆ ಕೊಡಲು ನೀವು ಕವರ್ ಮುಂದುವರಿಸುವುದಾದರೆ ಇದು ಉಪಯೋಗಕ್ಕೆ ಬರುತ್ತದೆ. ಶತ್ರು ನೀರು, ಅದನ್ನು ಕಡಿಮೆ ಮಾಡಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು. ಸಿಪ್ಪೆಗಳನ್ನು ಸಿಂಕ್‌ನಲ್ಲಿ ಒಂದು ತೂತಿನ ಬುಟ್ಟಿಯಲ್ಲಿ ಸ್ವಲ್ಪ ಹೊತ್ತು ಬಸಿಯಲು ಬಿಡಿ. ಸಾರಿನಂಥ ನೀರುನೀರು ಮುಸುರೆಯನ್ನು ಸೋಸಿ, ಗಟ್ಟಿ ಮಾತ್ರ ಹಾಕಿ. ಚಹಾ ಸೊಪ್ಪು, ಕಾಫಿ ಗಸಿ ಹಿಂಡಿ ಹಾಕಿ. ಬಿಸಿ ಇರುವುದನ್ನು ಯಾವತ್ತೂ ಹಾಕಬೇಡಿ. ಬಿಸಿಗೆ ಈ ಕವರ್ ಸಾದಾ ಕವರ್‌ಗಿಂತ ಬೇಗ ಜೋಲುತ್ತದೆ. ಕವರ್ ತಳಕ್ಕೆ ಎರಡು ಮಡಿಕೆ ನ್ಯೂಸ್‌ಪೇಪರ್ ಹಾಕುವುದನ್ನು ಮಾತ್ರ ಮರೆಯಬೇಡಿ. ತಳದ ಬೆಸುಗೆಯೇ ಕವರ್‌ನ ದುರ್ಬಲ ಜಾಗ, ಕಾಗದ ಅಲ್ಲಿ ನೀರನ್ನು ಹೀರಿಕೊಳ್ಳುತ್ತದೆ.

ಮತ್ತೆ ಡಬ್ಬಿ. ಬಹಳ ಜನ ವಾಸನೆ ಬರಬಾರದು ಅಂತ ಗಾಳಿಯಾಡದ ಡಬ್ಬಿಯಲ್ಲಿ ಈ ಕವರ್ ಹಾಕುತ್ತಾರೆ, ಅದು ತಪ್ಪು. ಪಿಷ್ಟದ ಕವರ್‌ಗೆ ಒಂದು ಒಳ್ಳೇ ಗುಣ ಇದೆ. ಪಾಲಿಥೀನ್ ಹಾಗಲ್ಲದೆ, ಅದು ನೀರಿನ ಆವಿಯನ್ನು ತನ್ನ ಮೂಲಕ ಹೊರಗೆ ಬಿಡುತ್ತದೆ. ಸುತ್ತ ತೂತುಗಳಿರುವ ಬುಟ್ಟಿಯಲ್ಲಿ ಇಟ್ಟರೆ ಕಸ ಮೆಲ್ಲಗೆ ಒಣಗುತ್ತಾ ಹೋಗುತ್ತದೆ, ತೂಕ ಇಳಿಯುತ್ತದೆ, ವಾಸನೆಯೂ ಕಡಿಮೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿ ಗೋಡೆಗೆ ತಾಗಿ ಹನಿಯಾಗಿ, ವಾಪಸ್ ಕವರ್‌ನ ಹೊರಮೈಗೇ ಇಳಿಯುತ್ತದೆ. ಎರಡೂ ಕಡೆಯಿಂದ ನೆಂದರೆ ಯಾವ ಕವರ್ ತಡೆದೀತು? ನಿಮ್ಮ ಡಬ್ಬಿ ಯಾವ ಥರದ್ದು ಅಂತ ನೀವು ಬರೆದಿಲ್ಲ. ಮುಚ್ಚಿದ್ದಾದರೆ ಮೊದಲು ಅದನ್ನು ಬದಲಿಸಿ ನೋಡಿ.

ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಎರಡು ದಿನಕ್ಕೊಮ್ಮೆ, ಹೆಚ್ಚೆಂದರೆ ಮೂರು ದಿನಕ್ಕೊಮ್ಮೆ ಖಾಲಿ ಮಾಡಿ. ಕವರ್‌ಗಾಗಿ ಅಷ್ಟೇ ಅಲ್ಲ, ಗುಂಗುರುಗಳಿಗಾಗಿ ಕೂಡ. ಹಣ್ಣಿನ ಸಿಪ್ಪೆ ಮೇಲೆ ಅವುಗಳ ಮೊಟ್ಟೆ ಮೊದಲೇ ಇರುತ್ತದೆ. ಬೆಚ್ಚನೆಯ ಅಡುಗೆಮನೆಯಲ್ಲಿ ಮೊಟ್ಟೆಯಿಂದ ಹಾರುವ ಹುಳ ಆಗಲು ಎಂಟು ಹತ್ತು ದಿನ ಸಾಕು. ಅಷ್ಟರೊಳಗೆ ಕಸ ಹೊರಗೆ ಹೋದರೆ ಸಂತತಿ ಬೆಳೆಯುವುದಿಲ್ಲ. ಎತ್ತುವಾಗ ಕವರ್‌ನ ಬಾಯಿ ಹಿಡಿದು ಎಳೆಯಬೇಡಿ. ಬುಟ್ಟಿ ಸಮೇತ ಹೊರಗೆ ಒಯ್ದು, ಅಲ್ಲಿ ತೆಗೆಯಿರಿ. ನೆಲ ಒರೆಸುವ ಕೆಲಸ ಉಳಿಯುತ್ತದೆ.

ದೊಡ್ಡ ಪ್ಯಾಕ್ ಅಗ್ಗ ಅಂತ ತಂದು ಕೂಡಿಡಲು ಹೋಗಬೇಡಿ. ಈ ಕವರ್‌ಗಳಿಗೆ ಆಯಸ್ಸಿದೆ, ಸುಮಾರು ಒಂದು ವರ್ಷ ಅಂದುಕೊಳ್ಳಿ. ಒಲೆಯ ಪಕ್ಕ, ಸಿಂಕ್ ಕೆಳಗೆ, ಬಿಸಿಲು ಬೀಳುವ ಕಡೆ ಇಟ್ಟರೆ ಇನ್ನೂ ಕಡಿಮೆ. ನಾನೊಮ್ಮೆ ಸಿಂಕ್ ಕೆಳಗೆ ಮರೆತ ಸುರುಳಿಯನ್ನು ಎರಡು ವರ್ಷದ ಮೇಲೆ ಬಿಡಿಸಿದರೆ ಹಪ್ಪಳದ ಹಾಗೆ ಮುರಿಯಿತು. ನೀವು ವರ್ಷದ ಹಿಂದೆ ಒಟ್ಟಿಗೆ ತಂದದ್ದನ್ನೇ ಇನ್ನೂ ಬಳಸುತ್ತಿದ್ದರೆ, ಎರಡನೇ ದಿನಕ್ಕೇ ಹರಿಯುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಹಳೇ ಕವರ್‌ಗೆ ವಾಪಸ್ ಹೋಗಲಾ ಅಂತ ಕೇಳಿದಿರಿ. ಹಸಿ ಕಸಕ್ಕೆ ಪಾಲಿಥೀನ್ ಮಾತ್ರ ಬೇಡ. ಗೊಬ್ಬರದಲ್ಲಿ ಸೇರಿದ ಪಾಲಿಥೀನ್ ಚೂರು ಆ ಮಣ್ಣಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ದಿನ ಬಾಳುತ್ತದೆ. ಕಾಂಪೋಸ್ಟಬಲ್ ಕವರ್ ನಿಮ್ಮ ಡಬ್ಬಿಯಲ್ಲಿ ಸೋಮಾರಿ, ಪಾಲಿಥೀನ್ ಎಲ್ಲ ಡಬ್ಬಿಯಲ್ಲೂ ಹಠಮಾರಿ. ಹಾಗಾಗಿ ತಂಗಿಯ ಮಾತಿನಲ್ಲಿ ಅರ್ಧ ಮಾತ್ರ ನಿಜ. ಇದು ಪ್ಲಾಸ್ಟಿಕ್ ಹೌದು, ಸಾದಾ ಪ್ಲಾಸ್ಟಿಕ್ ಅಲ್ಲ. ಚಹಾ ಚೀಲಗಳಲ್ಲಿ ಕೆಲವಕ್ಕೆ ಪಾಲಿಪ್ರೊಪಿಲೀನ್ ಬೆರೆತಿರುತ್ತದೆ, ಹಣ್ಣಿನ ಮೇಲಿನ ಸ್ಟಿಕ್ಕರ್ ಬಹುಪಾಲು ಪ್ಲಾಸ್ಟಿಕ್. ಕವರ್ ಬಗ್ಗೆ ಇಷ್ಟು ಯೋಚಿಸುವ ಮನೆಯಲ್ಲಿ ಅವೂ ಡಬ್ಬಿಗೆ ಹೋಗದಿರಲಿ.

ಈಗ ನಿಮ್ಮ ಡಬ್ಬಿಯಲ್ಲಿ ಕೂತಿರುವ ಆ ಕವರ್‌ಗಳಿಗೆ ಏನು ಮಾಡುವುದು? ಕೈಗವಸು ಹಾಕಿಕೊಂಡು ಎಲ್ಲವನ್ನೂ ಹೊರತೆಗೆದು, ಗಂಟು ಬಿಚ್ಚಿ, ಒಳಗಿನದನ್ನು ಸುರಿಯಿರಿ. ಗಬ್ಬು ಹೊಡೆಯುತ್ತದೆ, ಹೆದರಬೇಡಿ. ಅದರ ಎರಡರಷ್ಟು ಒಣ ಎಲೆ ಅಥವಾ ಹರಿದ ರಟ್ಟು ಬೆರೆಸಿ, ವಾರಕ್ಕೊಮ್ಮೆ ಮೇಲೆ ಕೆಳಗೆ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇದ್ದರೆ ಹದ ಸರಿ. ಕೆಲವೇ ವಾರಗಳಲ್ಲಿ ವಾಸನೆ ಹೋಗುತ್ತದೆ. ಕವರ್‌ಗಳಲ್ಲಿ ಗಟ್ಟಿ ಇರುವುದನ್ನು ಎತ್ತಿಡಿ, ಘಟಕದವರು ತೆಗೆದುಕೊಂಡರೆ ಅವರಿಗೆ ಕೊಡಿ, ಇಲ್ಲವಾದರೆ ಉಳಿದ ಕಸಕ್ಕೆ ಹಾಕಿ. 'ಹೋಮ್' ಗುರುತು ಇದ್ದು, ಆಗಲೇ ಕೈಯಲ್ಲಿ ಹಿಡಿದರೆ ಹರಿಯುವಷ್ಟು ಮೆತ್ತಗಾಗಿದ್ದರೆ ಮಾತ್ರ ಅಂಗೈಯಗಲ ಚೂರು ಮಾಡಿ ರಾಶಿಯ ನಟ್ಟನಡುವೆ, ಬಿಸಿ ಜಾಸ್ತಿ ಇರುವ ಕಡೆ ಹೂತುಬಿಡಿ. ಗೊಬ್ಬರ ಜರಡಿ ಹಿಡಿಯುವಾಗ ಮೇಲೆ ಉಳಿದ ಚೂರುಗಳನ್ನು ಮುಂದಿನ ರಾಶಿಗೆ ಮತ್ತೆ ಹಾಕಬಹುದು. ಒಂದು ವರ್ಷ ಕಳೆದ ಮೇಲೂ ಚೂರು ಕಾಣುತ್ತಿದ್ದರೆ ಆ ಲೋಟದ ನೀರಿನ ಪರೀಕ್ಷೆ ಮಾಡಿ, ತೇಲಿತೋ ಮುಳುಗಿತೋ ನನಗೂ ಬರೆದು ತಿಳಿಸಿ.